ಹೆಣ್ಣೆಂದರೆ ಮೈನಸ್ 0.14: ನಿರುದ್ಯೋಗಿಗಳಿಗೆ ಅಂಕ ಹಾಕುವ ಸರ್ಕಾರಿ ಲೆಕ್ಕ

ಪ್ರಶ್ನೆ: ಆಸ್ಟ್ರಿಯಾದ ಸರ್ಕಾರಿ ಉದ್ಯೋಗ ಕಚೇರಿ ಕೆಲಸ ಹುಡುಕಿಕೊಂಡು ಬಂದವರಿಗೆ ಕಂಪ್ಯೂಟರಿನಿಂದ ಅಂಕ ಹಾಕಿಸುವ ವ್ಯವಸ್ಥೆ ಮಾಡಿತ್ತು, ಅದರಲ್ಲಿ ಹೆಂಗಸರಿಗೂ ಐವತ್ತು ದಾಟಿದವರಿಗೂ ಅಂಕ ಕಳೆಯುತ್ತಿದ್ದರು ಎಂದು ಓದಿದೆ. ಮಾರುಕಟ್ಟೆಯಲ್ಲಿ ಇರುವುದನ್ನೇ ತೋರಿಸಿದ್ದೇವೆ ಎಂಬುದು ಅವರ ಸಮರ್ಥನೆಯಂತೆ. ಈ ಲೆಕ್ಕ ನಿಜಕ್ಕೂ ಹೇಗೆ ನಡೆಯುತ್ತದೆ? ತಪ್ಪು ಎಲ್ಲಿದೆ? ನಾಳೆ ನಮ್ಮಲ್ಲೂ ಇಂಥದ್ದು ಬಂದರೆ ಏನು ಕೇಳಬೇಕು?

ಉತ್ತರ: ನೀವು ಓದಿದ್ದು ಸುಳ್ಳಲ್ಲ. ಆದರೆ ಆ ಮೈನಸ್ ಗುರುತನ್ನೇ ನೋಡುತ್ತಾ ಕೂತರೆ ಅದಕ್ಕಿಂತ ದೊಡ್ಡ ತಪ್ಪು ಕಣ್ತಪ್ಪಿ ಹೋಗುತ್ತದೆ. ಮೊದಲು ಲೆಕ್ಕ ಬಿಡಿಸೋಣ, ಜಗಳ ಆಮೇಲೆ.

ಆಸ್ಟ್ರಿಯಾದಲ್ಲಿ ನಿರುದ್ಯೋಗಿಗಳ ನೋಂದಣಿ, ಭತ್ಯೆ, ತರಬೇತಿ ಎಲ್ಲವೂ ಎಎಂಎಸ್ ಎಂಬ ಒಂದೇ ಸಂಸ್ಥೆಯ ಕೈಯಲ್ಲಿದೆ. ನಮ್ಮ ಹಳೆಯ ಉದ್ಯೋಗ ವಿನಿಮಯ ಕೇಂದ್ರಕ್ಕೆ ದುಡ್ಡನ್ನೂ ಅಧಿಕಾರವನ್ನೂ ಕೊಟ್ಟರೆ ಹೇಗಿರುತ್ತದೋ ಹಾಗೆ. 2018ರ ಅಕ್ಟೋಬರಿನಲ್ಲಿ ಈ ಸಂಸ್ಥೆ, ನೋಂದಾಯಿಸಿದವರನ್ನು ಕಂಪ್ಯೂಟರ್ ಲೆಕ್ಕದ ಮೇಲೆ ಮೂರು ಗುಂಪು ಮಾಡುವುದಾಗಿ ಹೇಳಿತು. ಲೆಕ್ಕ ಕಟ್ಟಿಕೊಟ್ಟದ್ದು ವಿಯೆನ್ನಾದ ಸಿಂಥೆಸಿಸ್ ಎಂಬ ಸಂಶೋಧನಾ ಸಂಸ್ಥೆ. ಮುಂದಿನ 7 ತಿಂಗಳಲ್ಲಿ ಒಟ್ಟು 90 ದಿನವಾದರೂ ಸರ್ಕಾರದ ಸಹಾಯಧನವಿಲ್ಲದ ಕೆಲಸ ಸಿಗುವ ಸಂಭವ ಶೇ. 66 ಮೀರಿದರೆ ಆತ ‘ಎ’ ಗುಂಪು. ಮುಂದಿನ 24 ತಿಂಗಳಲ್ಲಿ 180 ದಿನದ ಕೆಲಸ ಸಿಗುವ ಸಂಭವ ಶೇ. 25ಕ್ಕಿಂತ ಕೆಳಗಿದ್ದರೆ ‘ಸಿ’. ಮಿಕ್ಕವರೆಲ್ಲ ‘ಬಿ’. ಗಮನಿಸಿ: ಎ ಮತ್ತು ಸಿ ಗುಂಪುಗಳನ್ನು ಅಳೆಯುವ ಕೋಲು ಒಂದೇ ಅಲ್ಲ, ಎರಡು ಬೇರೆ ಬೇರೆ ಲೆಕ್ಕ. ಒಂದೇ ಅಂಕಪಟ್ಟಿಯ ಮೇಲ್ತುದಿ, ಕೆಳತುದಿ ಎಂದುಕೊಂಡು ಬರೆದವರು ಬಹಳ ಜನ.

ಕೃತಕ ಬುದ್ಧಿಮತ್ತೆ ಅಂತೆಲ್ಲ ಇದಕ್ಕೆ ದೊಡ್ಡ ಹೆಸರು ಬೇಡ. ಇದು ಲಾಜಿಸ್ಟಿಕ್ ರಿಗ್ರೆಷನ್; ಸಂಖ್ಯಾಶಾಸ್ತ್ರದ ಎಂ.ಎ. ವಿದ್ಯಾರ್ಥಿ ಪರೀಕ್ಷೆಯಲ್ಲಿ ಬರೆಯುವಂಥದ್ದು. ಕಚೇರಿಯ ಕಡತ ಮತ್ತು ಸಾಮಾಜಿಕ ವಿಮೆಯ ದಾಖಲೆಯಿಂದ ಹಿಂದಿನ ನಾಲ್ಕು ವರ್ಷದ ಮಾಹಿತಿ ತೆಗೆದು, ಯಾವ ಲಕ್ಷಣವಿದ್ದವರಿಗೆ ಹಿಂದೆ ಕೆಲಸ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂದು ನೋಡಿ, ಪ್ರತಿ ಲಕ್ಷಣಕ್ಕೂ ಒಂದು ತೂಕ ಕಟ್ಟುತ್ತಾರೆ. ಬೇರೆ ಬೇರೆ ಜನವರ್ಗಕ್ಕೆ ಬೇರೆ ಬೇರೆ ಸೂತ್ರವಿತ್ತು. ಅವುಗಳಲ್ಲಿ ಒಂದನ್ನು ಮಾದರಿಗಾಗಿ ಬಹಿರಂಗಪಡಿಸಿದರು, ಅದು 7 ತಿಂಗಳ ಲೆಕ್ಕದ್ದು. ಆರಂಭದ ಅಂಕ 0.10. ಹೆಣ್ಣಾದರೆ 0.14 ಕಳೆಯಬೇಕು. ವಯಸ್ಸು 30ರಿಂದ 49 ಆದರೆ 0.13, 50 ದಾಟಿದರೆ 0.70 ಕಳೆಯಬೇಕು. ಆರೋಗ್ಯದ ತೊಂದರೆ ಇದ್ದರೆ 0.67. ಆಸ್ಟ್ರಿಯಾ ಬಿಟ್ಟು ಬೇರೆ ಐರೋಪ್ಯ ಒಕ್ಕೂಟದ ಪ್ರಜೆಯಾದರೆ 0.16 ಕೂಡಬೇಕು, ಒಕ್ಕೂಟದ ಹೊರಗಿನವರಾದರೆ 0.05 ಕಳೆಯಬೇಕು. ಕೈಕಸುಬಿನ ಅಪ್ರೆಂಟಿಸ್ ತರಬೇತಿ ಮುಗಿಸಿದ್ದರೆ 0.28 ಕೂಡಬೇಕು. ಪ್ರೌಢ ಶಿಕ್ಷಣದ ಕೊನೆಯ ಪರೀಕ್ಷೆ ಅಥವಾ ಅದಕ್ಕೂ ಮೇಲೆ ಓದಿದ್ದರೆ ಕೂಡುವುದು ಬರೀ 0.01. (ಮಗನನ್ನು ಐಟಿಐಗೆ ಕಳಿಸಿದ್ದಕ್ಕೆ ನೆಂಟರ ಮಾತು ಕೇಳಿದವರು ಈ ಸಾಲನ್ನು ಕತ್ತರಿಸಿ ಇಟ್ಟುಕೊಳ್ಳಬಹುದು.) ಆರೈಕೆಯ ಹೊಣೆ, ಅಂದರೆ ಮನೆಯಲ್ಲಿ ನೋಡಿಕೊಳ್ಳಬೇಕಾದ ಮಕ್ಕಳೋ ಮುದುಕರೋ ಇದ್ದರೆ 0.15 ಕಳೆಯಬೇಕು, ಆದರೆ ಇದು ಹೆಂಗಸರಿಗೆ ಮಾತ್ರ. ಮಗು ಸಾಕುವ ಗಂಡಸಿಗೆ ಈ ಸಾಲು ಅನ್ವಯಿಸುವುದೇ ಇಲ್ಲ.

ಹೀಗೆ ಕೂಡಿ ಕಳೆದು ಬಂದ ಮೊತ್ತ ಶೇಕಡಾವಾರು ಅಲ್ಲ. ಅದನ್ನು ಸಂಭವಕ್ಕೆ ತಿರುಗಿಸಬೇಕು. ಫೋನಿನ ಕ್ಯಾಲ್ಕುಲೇಟರನ್ನು ಅಡ್ಡ ಹಿಡಿದರೆ ಬರುವ ‘ಇ’ ಘಾತದ ಗುಂಡಿ ಸಾಕು: ಮೊತ್ತದ ಗುರುತು ಬದಲಿಸಿ ‘ಇ’ಯ ಘಾತವಾಗಿ ಒತ್ತಿ, ಬಂದದ್ದಕ್ಕೆ 1 ಕೂಡಿ, ಅದರಿಂದ 1ನ್ನು ಭಾಗಿಸಿ. ಮೊತ್ತ ಸೊನ್ನೆಯಾದರೆ ಶೇ. 50. ಬಾಯಿಲೆಕ್ಕಕ್ಕೆ ಒಂದು ಉಪಾಯವಿದೆ. ಶೇ. 50ರ ಆಸುಪಾಸಿನಲ್ಲಿ ಯಾವ ತೂಕವನ್ನಾದರೂ 4ರಿಂದ ಭಾಗಿಸಿದರೆ ಸಂಭವ ಎಷ್ಟು ಬದಲಾಗುತ್ತದೆ ಎಂಬುದು ಹೆಚ್ಚುಕಡಿಮೆ ಸಿಗುತ್ತದೆ. ಅಂದರೆ ಹೆಣ್ಣೆಂಬ ಕಾರಣಕ್ಕೆ ಹೋಗುವ 0.14 ಎಂದರೆ ನೂರಕ್ಕೆ ಸುಮಾರು ಮೂರೂವರೆ. ‘ಶೇ. 14 ಕಡಿತ’ ಅಲ್ಲ.

ಈಗ ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸೋಣ. ಇಬ್ಬರಿಗೂ ನಲವತ್ತು ವರ್ಷ, ಇಬ್ಬರೂ ಆಸ್ಟ್ರಿಯಾದವರು, ಇಬ್ಬರೂ ಕಸುಬಿನ ತರಬೇತಿ ಮುಗಿಸಿದವರು, ಇಬ್ಬರ ಮನೆಯಲ್ಲೂ ಚಿಕ್ಕ ಮಗು. ಗಂಡಸಿಗೆ: 0.10, ಕಳೆ 0.13, ಕೂಡು 0.28, ಒಟ್ಟು 0.25, ಸಂಭವ ಶೇ. 56. ಹೆಂಗಸಿಗೆ ಅದರ ಮೇಲೆ 0.14 ಮತ್ತು 0.15 ಹೋಗಿ ಒಟ್ಟು ಮೈನಸ್ 0.04, ಸಂಭವ ಶೇ. 49. ನೂರಕ್ಕೆ ಏಳರ ಅಂತರ. ಆದರೂ ಇಬ್ಬರೂ 66ರ ಕೆಳಗಿರುವುದರಿಂದ ಇಬ್ಬರಿಗೂ ಎ ಸಿಗುವುದಿಲ್ಲ. ಇದೇ ಕಾರಣಕ್ಕೆ ಹೇಳಿದ್ದು, ಮೈನಸ್ ಗುರುತೊಂದೇ ಕಥೆಯಲ್ಲ ಎಂದು. ಮೈನಸ್ ಯಾರ ಮೇಲೆ ಎಷ್ಟು ಪೇರಿಕೊಳ್ಳುತ್ತದೆ, ಗೆರೆ ಎಲ್ಲಿ ಎಳೆದಿದ್ದಾರೆ, ಇವೆರಡನ್ನೂ ಸೇರಿಸಿ ನೋಡಬೇಕು. ಐವತ್ತೆರಡು ವರ್ಷದ, ಬೆನ್ನುನೋವಿನಿಂದ ಭಾರ ಎತ್ತಲಾಗದ, ಶಾಲೆ ಮಾತ್ರ ಓದಿದ ಹೆಂಗಸನ್ನು ತಗೊಳ್ಳಿ: 0.10, ಕಳೆ 0.14, ಕಳೆ 0.70, ಕಳೆ 0.67. ಒಟ್ಟು ಮೈನಸ್ 1.41, ಸಂಭವ ಶೇ. 20ಕ್ಕೆ ಒಂಚೂರು ಕಡಿಮೆ. ಆಕೆ ಬಾಗಿಲು ದಾಟಿ ಒಳಗೆ ಬಂದು ನಮಸ್ಕಾರ ಹೇಳುವ ಮೊದಲೇ ಇಷ್ಟು.

ಸೂತ್ರದ ಇನ್ನುಳಿದ ಸಾಲುಗಳು ಇದಕ್ಕಿಂತ ಕುತೂಹಲದವು. ನಾಲ್ಕು ವರ್ಷದಲ್ಲಿ ಮೂರು ಅಥವಾ ಹೆಚ್ಚು ವರ್ಷ ನಿರುದ್ಯೋಗಿಯಾಗಿ ಬಂದು ಹೆಸರು ಬರೆಸಿದ್ದರೆ 1.98 ಕೂಡಬೇಕು. ಹೌದು, ಕೂಡಬೇಕು. ಇಡೀ ಸೂತ್ರದಲ್ಲೇ ದೊಡ್ಡ ತೂಕ ಇದು. ಮೊದಲ ನೋಟಕ್ಕೆ ತಲೆಕೆಳಗು ಅನ್ನಿಸುತ್ತದೆ. ಕಾರಣ ಸರಳ: ಕಟ್ಟಡ ಕೆಲಸ, ಸ್ಕೀಯಿಂಗ್ ಊರುಗಳ ಹೋಟೆಲು ಮುಂತಾದ ಋತುಮಾನದ ಕೆಲಸದವರು ಪ್ರತಿ ವರ್ಷ ಕೆಲಸ ನಿಂತಾಗ ಬಂದು ಬರೆಸುತ್ತಾರೆ, ಋತು ಬಂದಾಗ ಮತ್ತೆ ಹೋಗುತ್ತಾರೆ. ಲೆಕ್ಕಕ್ಕೆ ಋತು ಗೊತ್ತಿಲ್ಲ, ಅದರ ನೆರಳು ಗೊತ್ತು. ನಮ್ಮ ನಲವತ್ತರ ಗಂಡಸು ಅಂಥ ಗಾರೆ ಕೆಲಸದವನಾದರೆ, ನಾಲ್ಕು ವರ್ಷದಲ್ಲಿ ಕೆಲಸ ಮಾಡಿದ ದಿನಗಳು ಕಡಿಮೆ ಎಂದು 0.74 ಕಳೆದು, ಉತ್ಪಾದನೆ ವಿಭಾಗದ ಕಸುಬೆಂದು 0.17 ಕೂಡಿ, 1.98 ಸೇರಿಸಿದರೂ ಮೊತ್ತ 1.66. ಸಂಭವ ಶೇ. 84. ಸೀದಾ ಎ ಗುಂಪು.

ಇನ್ನೊಂದು ಸಾಲು: ಹಿಂದೆ ಉದ್ಯೋಗ ಕಚೇರಿಯ ಬೆಂಬಲ ಕಾರ್ಯಕ್ರಮದಲ್ಲಿ ಭಾಗವಹಿಸಿದ್ದರೆ 0.57 ಕಳೆಯಬೇಕು. ಅಂದರೆ ಸರ್ಕಾರದ ನೆರವು ಪಡೆದವರಿಗೇ ಅಂಕ ಕಡಿತ. ನೆರವು ಕೆಡಕು ಮಾಡಿತು ಎಂದು ಇದರ ಅರ್ಥವಲ್ಲ. ಮೊದಲೇ ಕಷ್ಟದಲ್ಲಿದ್ದವರನ್ನೇ ಆರಿಸಿ ನೆರವಿಗೆ ಕಳಿಸಿದ್ದರಿಂದ ಅಂಕಿಅಂಶದಲ್ಲಿ ನೆರವೂ ಕಷ್ಟವೂ ಅಂಟಿಕೊಂಡಿವೆ. ಆಸ್ಪತ್ರೆಯಲ್ಲಿ ಮಲಗಿದವರೇ ಹೆಚ್ಚು ಸಾಯುತ್ತಾರೆ, ಹಾಗಾಗಿ ಆಸ್ಪತ್ರೆ ಅಪಾಯಕಾರಿ ಎಂದ ಹಾಗೆ. ಮುನ್ಸೂಚನೆಗಷ್ಟೇ ಆದರೆ ಈ ಸಾಲು ಇರಲಿ ಬಿಡಿ. ಮುಂದೆ ಯಾರಿಗೆ ನೆರವು ಕೊಡಬೇಕೆಂದು ನಿರ್ಧರಿಸಲು ಇದೇ ಅಂಕ ಬಳಸಿದರೆ ಮಾತ್ರ, ಹಿಂದೆ ಪಡೆದ ನೆರವು ಮುಂದಿನ ನೆರವಿಗೆ ಕಲ್ಲಾಗುತ್ತದೆ. ಇದಲ್ಲದೆ, ನೀವು ವಾಸಿಸುವ ಕಡೆಯ ಉದ್ಯೋಗ ಕಚೇರಿ ಯಾವ ದರ್ಜೆಯ ಪ್ರದೇಶಕ್ಕೆ ಸೇರಿದೆ ಎಂಬುದಕ್ಕೆ 0.83ರವರೆಗೂ ಕಡಿತವಿದೆ. ಹೆಣ್ಣು ಎಂಬುದಕ್ಕಿಂತ ವಿಳಾಸವೇ ಆರು ಪಟ್ಟು ಭಾರ.

ಹುರುಪು, ಮಾತುಗಾರಿಕೆ, ಕೆಲಸ ಹೇಳಿಕೊಡುವ ಗೆಳೆಯರ ಬಳಗ, ಇದ್ಯಾವುದೂ ಸೂತ್ರದಲ್ಲಿಲ್ಲ. ದಾಖಲೆಯಲ್ಲಿ ಇಲ್ಲದ್ದು ಲೆಕ್ಕದಲ್ಲೂ ಇಲ್ಲ. ಹೊಸದಾಗಿ ಆ ದೇಶಕ್ಕೆ ಹೋದವರಿಗೆ ನಾಲ್ಕು ವರ್ಷದ ದಾಖಲೆಯೇ ಇರುವುದಿಲ್ಲವಾದ್ದರಿಂದ ಅವರಿಗೆ ಅರೆಬರೆ ಮಾಹಿತಿಯ ಬೇರೆ ಸೂತ್ರ. ಬೆಂಗಳೂರಿನಲ್ಲಿ ಹತ್ತು ವರ್ಷ ದುಡಿದು, ಗಂಡನ ಜೊತೆ ವಿಯೆನ್ನಾಕ್ಕೆ ಹೋಗಿ ಅಲ್ಲಿ ಹೆಸರು ಬರೆಸುವ ಎಂಜಿನಿಯರ್ ಹೆಂಗಸಿನ ಆ ಹತ್ತು ವರ್ಷ ಅಲ್ಲಿನ ಸಾಮಾಜಿಕ ವಿಮೆಯ ಕಡತದಲ್ಲಿ ಖಾಲಿ ಹಾಳೆ.

ಈಗ ‘ಕನ್ನಡಿ ಹಿಡಿದಿದ್ದೇವೆ ಅಷ್ಟೇ’ ಎಂಬ ವಾದಕ್ಕೆ ಬರೋಣ. ಅರ್ಧದಷ್ಟು ಅದು ಸರಿ. ಮಾರುಕಟ್ಟೆ ಐವತ್ತು ದಾಟಿದ ಹೆಂಗಸನ್ನು ಹಿಂದೆ ತಳ್ಳುತ್ತದೆ ಎಂಬುದು ಸತ್ಯವೇ, ಅಂಕಿ ಅದನ್ನೇ ಹೇಳುತ್ತಿದೆ. ಸತ್ಯವನ್ನು ಮುಚ್ಚಿಟ್ಟು ಉಪಕಾರವೇನೂ ಇಲ್ಲ. ಪ್ರಶ್ನೆ ಇರುವುದು ಆ ಸಂಖ್ಯೆ ಬಂದ ಮೇಲೆ ಏನು ಮಾಡುತ್ತೀರಿ ಎಂಬುದರಲ್ಲಿ. ಎಎಂಎಸ್‌ನ ಯೋಜನೆಯ ಪ್ರಕಾರ ದುಬಾರಿ ತರಬೇತಿಯ ಹಣ ಮುಖ್ಯವಾಗಿ ಹೋಗಬೇಕಾದ್ದು ಬಿ ಗುಂಪಿಗೆ. ಎ ಗುಂಪಿನವರು ಹೇಗೂ ತಾವೇ ಹುಡುಕಿಕೊಳ್ಳುತ್ತಾರೆ. ಸಿ ಗುಂಪಿಗೆ ಹಾಕಿದ ತರಬೇತಿ ದುಡ್ಡಿಗೆ ಫಲ ಕಡಿಮೆ, ಅವರಿಗೆ ಬೇರೆ, ಅಗ್ಗದ ಸಲಹಾ ಕೇಂದ್ರಗಳು ಸಾಕು ಎಂಬ ತರ್ಕ.

ಇಲ್ಲೇ ಜಾರಿದ್ದು. ಯಾವ ಬೆಳೆ ಬಾಡುತ್ತದೆ ಎಂಬುದು ಬೇರೆ, ನೀರು ಹಾಯಿಸಿದರೆ ಯಾವುದು ಚೇತರಿಸಿಕೊಳ್ಳುತ್ತದೆ ಎಂಬುದು ಬೇರೆ. ಸೂತ್ರ ಅಳೆಯುವುದು ಮೊದಲನೆಯದನ್ನು, ಹಣ ಹಂಚಲು ಬೇಕಾದ್ದು ಎರಡನೆಯದು. ಕೆಲಸ ಸಿಗುವ ಸಂಭವ ಶೇ. 20 ಇರುವ ಹೆಂಗಸಿಗೆ ಆರು ತಿಂಗಳ ತರಬೇತಿ ಕೊಟ್ಟರೆ ಅದು 40 ಆಗುತ್ತದೋ 21 ಆಗುತ್ತದೋ, ಈ ಸೂತ್ರದಲ್ಲಿ ಉತ್ತರವಿಲ್ಲ. ಅದು ತಿಳಿಯಬೇಕಾದರೆ ಒಂದೇ ಬಗೆಯ ಜನರಲ್ಲಿ ಕೆಲವರಿಗೆ ತರಬೇತಿ ಕೊಟ್ಟು ಕೆಲವರಿಗೆ ಕೊಡದೆ ಹೋಲಿಸಬೇಕು. ಅದನ್ನು ಬಿಟ್ಟು ಬಾಡುವ ಬೆಳೆಗೆ ನೀರು ನಿಲ್ಲಿಸಿದರೆ ಅದು ಬಾಡಿಯೇ ತೀರುತ್ತದೆ. ಮರುವರ್ಷದ ಅಂಕಿಅಂಶದಲ್ಲಿ ಸೂತ್ರ ನಿಜವೆಂದು ಸಾಬೀತಾಗುತ್ತದೆ, ತೂಕ ಇನ್ನಷ್ಟು ಕೆಳಗಿಳಿಯುತ್ತದೆ.

ಇದೇ ಬಗೆಯ ಅಂಕವನ್ನು ತಿರುಗಾಮುರುಗಾ ಬಳಸಿದ ದೇಶವೂ ಇದೆ. ಅಮೆರಿಕದಲ್ಲಿ 1993ರ ಕಾನೂನಿನಂತೆ ಪ್ರತಿ ರಾಜ್ಯವೂ ನಿರುದ್ಯೋಗ ಭತ್ಯೆ ಪಡೆಯುವವರಲ್ಲಿ ಯಾರು ಭತ್ಯೆ ಮುಗಿಯುವವರೆಗೂ ಕೆಲಸವಿಲ್ಲದೆ ಉಳಿಯಬಹುದು ಎಂದು ಅಂದಾಜಿಸಬೇಕು. ಅಪಾಯ ಹೆಚ್ಚು ಎಂದು ಬಂದವರನ್ನೇ ಮೊದಲು ಕರೆದು ಮರುಉದ್ಯೋಗದ ಸೇವೆ ಕೊಡಬೇಕು. ವಯಸ್ಸು, ಲಿಂಗ, ಜನಾಂಗ, ಅಂಗವೈಕಲ್ಯ ಇವನ್ನು ಲೆಕ್ಕಕ್ಕೆ ಸೇರಿಸುವ ಹಾಗಿಲ್ಲ. ಅಲ್ಲೂ ತಕರಾರುಗಳಿವೆ, ಕೆಂಟಕಿ ರಾಜ್ಯದ ಅಧ್ಯಯನದಲ್ಲಿ ಸೇವೆಗಿಂತ ‘ಬನ್ನಿ’ ಎಂಬ ಕಾಗದ ಬಂದದ್ದಕ್ಕೇ ಹಲವರು ಭತ್ಯೆ ಬಿಟ್ಟು ಹೋದದ್ದು ಕಂಡಿತು. ಆದರೂ ದಿಕ್ಕು ಗಮನಿಸಿ: ಕಡಿಮೆ ಸಂಭವ ಎಂದರೆ ಅಲ್ಲಿ ಸಾಲಿನ ಮುಂದೆ ನಿಲ್ಲುವುದು.

‘ಕೊನೆಯ ಮಾತು ಸಲಹೆಗಾರರದ್ದೇ, ಕಂಪ್ಯೂಟರ್ ಬರೀ ಸಹಾಯಕ’ ಎಂಬ ಭರವಸೆಯನ್ನು ಎಲ್ಲ ಕಡೆ ಕೊಡುತ್ತಾರೆ. ಇದನ್ನು ಪೋಲೆಂಡಿನ ಅನುಭವದ ಪಕ್ಕ ಇಟ್ಟು ನೋಡಿ. 2014ರಲ್ಲಿ ಅಲ್ಲಿ 24 ಪ್ರಶ್ನೆಗಳ ಆಧಾರದ ಮೇಲೆ ಕಂಪ್ಯೂಟರ್ ಪ್ರತಿ ನಿರುದ್ಯೋಗಿಗೂ ಮೂರರಲ್ಲಿ ಒಂದು ಪ್ರೊಫೈಲ್ ಕೊಡುತ್ತಿತ್ತು. ಮೂರನೆಯದಕ್ಕೆ ಬಿದ್ದವರಿಗೆ ಸಿಗುವ ನೆರವು ತೀರ ಕಡಿಮೆ. ಯಾವ ಉತ್ತರಕ್ಕೆ ಎಷ್ಟು ಅಂಕ ಎಂಬುದು ಗುಟ್ಟು. ಫಲಿತಾಂಶ ಬದಲಿಸುವ ಅಧಿಕಾರ ಗುಮಾಸ್ತರಿಗಿತ್ತು. ಅವರು ಬದಲಿಸಿದ್ದು ನೂರರಲ್ಲಿ ಒಂದಕ್ಕಿಂತಲೂ ಕಡಿಮೆ ಪ್ರಕರಣಗಳಲ್ಲಿ. ಸೋಮಾರಿತನ ಅಂದುಕೊಳ್ಳಬೇಡಿ. ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ, ಹೊರಗೆ ಸಾಲು. ಒಪ್ಪಿದರೆ ಒಂದು ಒತ್ತು, ಒಪ್ಪದಿದ್ದರೆ ಕಾರಣ ಬರೆಯಬೇಕು, ನಾಳೆ ಮೇಲಧಿಕಾರಿ ಕೇಳಿದರೆ ಉತ್ತರಿಸಬೇಕು. ಕಂಪ್ಯೂಟರ್ ಮಾತಿಗೆ ಸಹಿ ಹಾಕಿ ತಪ್ಪಾದರೆ ತಪ್ಪು ಕಂಪ್ಯೂಟರಿನದು. ಮೀರಿ ತಪ್ಪಾದರೆ ತಪ್ಪು ತನ್ನದು. ಯಾವ ಕಚೇರಿಯ ಗುಮಾಸ್ತನಾದರೂ ಯಾವ ಕಡೆ ವಾಲುತ್ತಾನೆಂದು ಬೇರೆ ಹೇಳಬೇಕೆ? ಇತ್ತ ಜನರೂ ಸುಮ್ಮನಿರಲಿಲ್ಲ, ಒಳ್ಳೆಯ ಪ್ರೊಫೈಲ್ ಸಿಗುವಂತೆ ಉತ್ತರ ತಿದ್ದಿ ಹೇಳುವುದನ್ನು ಕಲಿತರು. 2018ರ ಜೂನಿನಲ್ಲಿ ಪೋಲೆಂಡಿನ ಸಂವಿಧಾನ ನ್ಯಾಯಮಂಡಳಿ, ಯಾವ ಯಾವ ಮಾಹಿತಿ ತೆಗೆದುಕೊಳ್ಳಬಹುದು ಎಂಬುದು ಕಾಯ್ದೆಯಲ್ಲೇ ಇರಬೇಕು, ಸಚಿವಾಲಯದ ನಿಯಮದಲ್ಲಿದ್ದರೆ ಸಾಲದು ಎಂದಿತು. 2019ರಲ್ಲಿ ವ್ಯವಸ್ಥೆಯನ್ನೇ ಕೈಬಿಟ್ಟರು.

ಆಸ್ಟ್ರಿಯಾದ ವ್ಯಾಜ್ಯ ಇನ್ನೂ ಉದ್ದ. ಪ್ರಯೋಗದ ನಂತರ 2021ರ ಜನವರಿಯಿಂದ ದೇಶದಾದ್ಯಂತ ಚಾಲೂ ಆಗಬೇಕಿತ್ತು. 2020ರ ಆಗಸ್ಟಿನಲ್ಲಿ ದತ್ತಾಂಶ ರಕ್ಷಣಾ ಪ್ರಾಧಿಕಾರ ತಡೆಯಿತು. ಅದೇ ಡಿಸೆಂಬರಿನಲ್ಲಿ ಫೆಡರಲ್ ಆಡಳಿತ ನ್ಯಾಯಾಲಯ ಆ ತಡೆಯನ್ನು ತೆಗೆಯಿತು. ಪ್ರಾಧಿಕಾರ ಮೇಲ್ಮನವಿ ಹೋಯಿತು. 2023ರ ಡಿಸೆಂಬರ್ 7ರಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ ಜರ್ಮನಿಯ ಸಾಲದ ಅಂಕ ಹಾಕುವ ಸಂಸ್ಥೆಯೊಂದರ ಪ್ರಕರಣದಲ್ಲಿ ಮುಖ್ಯವಾದ ಮಾತು ಹೇಳಿತು: ಕೊನೆಯ ಸಹಿ ಮನುಷ್ಯನದ್ದೇ ಆಗಿರಲಿ, ಆತ ಆ ಅಂಕವನ್ನೇ ಬಲವಾಗಿ ನೆಚ್ಚಿ ನಿರ್ಧರಿಸುತ್ತಾನೆಂದರೆ ಅಂಕ ಹಾಕಿದ್ದೇ ನಿರ್ಧಾರ. ಅದೇ ತಿಂಗಳು ಆಸ್ಟ್ರಿಯಾದ ಸರ್ವೋಚ್ಚ ಆಡಳಿತ ನ್ಯಾಯಾಲಯ ಇದೇ ಎಳೆ ಹಿಡಿದು ಕೆಳಗಿನ ತೀರ್ಪನ್ನು ರದ್ದು ಮಾಡಿ, ಮರುವಿಚಾರಣೆಗೆ ಕಳಿಸಿತು. ಸಲಹೆಗಾರರು ಅಂಕವನ್ನು ನಿಜವಾಗಿ ಎಷ್ಟು ನೆಚ್ಚುತ್ತಾರೆ ಎಂಬುದು ಹೀಗೆ ಕಾನೂನಿನ ಪ್ರಶ್ನೆಯೂ ಆಯಿತು.

ನಿಖರತೆಯ ಮಾತೂ ಇದೆ. ಶೇ. 80ರಿಂದ 85 ಸರಿ ಎಂದು ಹೇಳಿಕೊಳ್ಳುತ್ತಿದ್ದರು. ಒಂದು ಲಕ್ಷ ಜನರಿಗೆ ಅನ್ವಯಿಸಿದರೆ 15ರಿಂದ 20 ಸಾವಿರ ಜನ ತಪ್ಪು ಗುಂಪಿನಲ್ಲಿ ಎಂದರ್ಥ. ಅದಕ್ಕಿಂತ ಮುಖ್ಯ, ಆ ತಪ್ಪು ಯಾರ ಪಾಲಿಗೆ ಎಷ್ಟು ಎಂಬುದು. ಒಟ್ಟಾರೆ ಶೇ. 85 ಸರಿ ಇದ್ದೂ, ಒಂದು ವರ್ಗದಲ್ಲಿ ಮಾತ್ರ ‘ಸಿಗುವುದಿಲ್ಲ’ ಎಂದು ಬಂದವರಲ್ಲಿ ಬಹಳ ಜನಕ್ಕೆ ಕೆಲಸ ಸಿಕ್ಕಿರಬಹುದು. ಸರಾಸರಿಯ ಹೊದಿಕೆಯೊಳಗೆ ಅದು ಕಾಣುವುದಿಲ್ಲ.

ಇನ್ನು ನಮ್ಮ ಕಡೆ. ಕರ್ನಾಟಕದ ಯುವನಿಧಿಯಲ್ಲಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಕೊಡುವುದು ನಿಯಮದ ಮೇಲೆ: ಪಾಸಾಗಿ 180 ದಿನವಾಗಿರಬೇಕು, ಕೆಲಸವಿರಬಾರದು. ಅದು ಹೌದು-ಅಲ್ಲ ಎಂಬ ಅರ್ಹತೆ, ಭವಿಷ್ಯ ಊಹಿಸುವ ಅಂಕವಲ್ಲ. ಇವೆರಡನ್ನೂ ಬೆರೆಸಿಕೊಳ್ಳಬೇಡಿ, ನಿಯಮ ತಪ್ಪಾಗಿ ಅನ್ವಯವಾದರೆ ದಾಖಲೆ ತೋರಿಸಿ ಸರಿಪಡಿಸಬಹುದು, ಊಹೆಯನ್ನು ಯಾವ ದಾಖಲೆಯಿಂದಲೂ ಸುಳ್ಳು ಮಾಡಲಾಗುವುದಿಲ್ಲ. ಯುರೋಪಿನಲ್ಲಿ ಯಂತ್ರವೊಂದೇ ಮಾಡಿದ ನಿರ್ಧಾರಕ್ಕೆ ಒಳಪಡದಿರುವ ಹಕ್ಕು ಕಾನೂನಿನಲ್ಲಿದೆ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ ಅಂಥ ಹಕ್ಕಿಲ್ಲ. ನಿಮ್ಮ ಮೇಲೆ ಪರಿಣಾಮ ಬೀರುವ ನಿರ್ಧಾರಕ್ಕೆ ಬಳಸುವ ಮಾಹಿತಿ ಪೂರ್ಣವಾಗಿ, ಸರಿಯಾಗಿ ಇರಬೇಕು ಎಂಬ ಕರ್ತವ್ಯ ಮತ್ತು ತಪ್ಪು ಮಾಹಿತಿ ತಿದ್ದಿಸುವ ಹಕ್ಕು, ಇಷ್ಟಿದೆ.

ಹಾಗಾಗಿ ಕೈಗೆ ಸಿಗುವ ಆಯುಧ 2005ರ ಮಾಹಿತಿ ಹಕ್ಕು ಕಾಯ್ದೆಯೇ. ಇಂಥ ವ್ಯವಸ್ಥೆ ಬಂದ ಸುದ್ದಿ ತಿಳಿದರೆ ‘ನನಗೆ ಏಕೆ ಕಡಿಮೆ ಅಂಕ?’ ಎಂದು ಅರ್ಜಿ ಹಾಕಬೇಡಿ. ‘ಏಕೆ’ಗೆ ಉತ್ತರ ಕಟ್ಟಿಕೊಡುವ ಹೊಣೆ ಮಾಹಿತಿ ಅಧಿಕಾರಿಗಿಲ್ಲ, ಇರುವ ದಾಖಲೆಯ ನಕಲು ಕೊಡುವ ಹೊಣೆ ಇದೆ. ಆದ್ದರಿಂದ ದಾಖಲೆ ಕೇಳಿ: ಟೆಂಡರ್ ಮತ್ತು ಕಾರ್ಯಾದೇಶ, ಮಾದರಿ ಯಾವುದನ್ನು ಊಹಿಸುತ್ತದೆ, ಎಷ್ಟು ದಿನದ ಕೆಲಸವನ್ನು ‘ಕೆಲಸ’ ಎಂದು ಎಣಿಸುತ್ತದೆ ಎಂಬ ತಾಂತ್ರಿಕ ವರದಿ, ಲಕ್ಷಣಗಳ ಪಟ್ಟಿ ಮತ್ತು ತೂಕ, ಗುಂಪಿನ ಗೆರೆಗಳನ್ನು ನಿಗದಿ ಮಾಡಿದ ಸಭೆಯ ನಡಾವಳಿ, ಹೆಂಗಸರು, ಅಂಗವಿಕಲರು, ಪರಿಶಿಷ್ಟರು, ತಾಲ್ಲೂಕುವಾರು ತಪ್ಪಿನ ಪ್ರಮಾಣದ ಪರೀಕ್ಷಾ ವರದಿ, ಸಿಬ್ಬಂದಿ ಎಷ್ಟು ಪ್ರಕರಣಗಳಲ್ಲಿ ಯಂತ್ರದ ಫಲಿತಾಂಶ ಬದಲಿಸಿದರು ಎಂಬ ತಿಂಗಳವಾರು ಅಂಕಿ. ಒಂದನ್ನೇ ಕೇಳಲು ಸಾಧ್ಯವಾದರೆ ಕೊನೆಯದನ್ನು ಕೇಳಿ. ಅದು ನೂರಕ್ಕೆ ಒಂದರ ಆಸುಪಾಸಿನಲ್ಲಿದ್ದರೆ ‘ಕೊನೆಯ ಮಾತು ಮನುಷ್ಯರದ್ದು’ ಎಂಬುದು ಕಾಗದದ ಮೇಲಿನ ಮಾತು.

ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, ಸಾಮಾನ್ಯವಾಗಿ 150 ಪದಗಳೊಳಗೆ ಇರಬೇಕು. ಆದ್ದರಿಂದ ಮೇಲಿನವನ್ನು ಎರಡು ಮೂರು ಅರ್ಜಿಯಾಗಿ ಒಡೆಯಿರಿ, ಒಂದೊಂದಕ್ಕೆ 10 ರೂಪಾಯಿ ಶುಲ್ಕ. ಉತ್ತರಕ್ಕೆ 30 ದಿನ. ‘ವಾಣಿಜ್ಯ ಗೌಪ್ಯತೆ’ ಎಂದು 8(1)(ಡಿ) ತೋರಿಸಿ ನಿರಾಕರಿಸುವುದು ವಾಡಿಕೆ. ಆಗ ಕೋಡ್ ಕೇಳಿಲ್ಲ, ತೂಕ ಮತ್ತು ಗೆರೆ ಕೇಳಿದ್ದೇನೆ, ದೊಡ್ಡ ಸಾರ್ವಜನಿಕ ಹಿತಾಸಕ್ತಿ ಇದ್ದರೆ ಕೊಡಬೇಕೆಂದು ಅದೇ ಕಲಮು ಹೇಳುತ್ತದೆ ಎಂದು ಬರೆದು 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಅಂಕದಿಂದ ಪೆಟ್ಟು ತಿಂದವರು ನೀವೇ ಆದರೆ ಜೊತೆಗೆ 4(1)(ಡಿ)ಯನ್ನೂ ಬರೆಯಿರಿ. ಆಡಳಿತಾತ್ಮಕ ನಿರ್ಧಾರದ ಕಾರಣಗಳನ್ನು ಬಾಧಿತರಿಗೆ ಕೊಡಬೇಕು ಎನ್ನುವ ಕಲಮು ಅದು. ‘ಏಕೆ’ ಎಂಬ ಪ್ರಶ್ನೆಗೆ ಕಾಯ್ದೆಯಲ್ಲಿರುವ ಬಾಗಿಲು ಅದೊಂದೇ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಅಂಕ ಬಂದ ದಿನದ ಪರದೆಯ ಚಿತ್ರ, ಸ್ವೀಕೃತಿ ಸಂಖ್ಯೆ, ಯಾವ ಕೌಂಟರಿನಲ್ಲಿ ಏನು ಹೇಳಿದರು ಎಂಬ ಟಿಪ್ಪಣಿ ಎತ್ತಿಟ್ಟುಕೊಂಡಿರಿ. ಸೂತ್ರ ಬದಲಾದಾಗ ಹಳೆಯ ಅಂಕ ಪರದೆಯಿಂದ ಮಾಯವಾಗಿರುತ್ತದೆ.